ಹೊಳೆಯುವ ಕೋಳಿ

ಟಕ್. ಟಕ್. ಟಕ್.

ನೀಲಿ ಪಿನಾಫೋರಿನ ಜೇಬಿನಲ್ಲಿ ಒಂದು ಮರದ ಬಿಲ್ಲೆ, ಅದರ ಜೊತೆಗೆ ನನ್ನ ಟ್ರಂಕಿನ ಬೀಗದ ಕೈ. ನಡೆದಾಗಲೆಲ್ಲ ಒಂದಕ್ಕೊಂದು ತಾಗಿ ಬರುತ್ತಿದ್ದ ಸದ್ದು ಅದು. ಅರವತ್ತು ವರ್ಷಗಳ ಹತ್ತಿರ ಬಂತು. ಇವತ್ತಿಗೂ ಚಪಾತಿ ಮಣೆಗೆ ಲಟ್ಟಣಿಗೆ ತಾಗಿ ಟಕ್ ಎಂದರೆ ನಾನು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಬಾಯಿ ಮುಚ್ಚಿಕೊಂಡುಬಿಡುತ್ತೇನೆ. ನಮ್ಮ ಯಜಮಾನರಿಗೆ ಇದರ ಕಾರಣ ಗೊತ್ತಿಲ್ಲ, ಪರಿಣಾಮ ಮಾತ್ರ ಚೆನ್ನಾಗಿ ಗೊತ್ತು. ನನ್ನ ಮಾತು ಜಾಸ್ತಿಯಾಯಿತು ಎನಿಸಿದ ದಿನ, "ಇವತ್ತು ಚಪಾತಿ ಮಾಡೇ" ಅನ್ನುತ್ತಾರೆ.

ಆ ಬಿಲ್ಲೆಗೆ ನಮ್ಮ ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ ಟೋಕನ್ ಎಂದು ಹೆಸರು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಬಾಯಿ ತೆರೆದವಳ ಕೈಗೆ ಅದು ಬರುತ್ತಿತ್ತು. ಅವಳು ಅದನ್ನು ಜೇಬಿನಲ್ಲಿಟ್ಟುಕೊಂಡು, ಇನ್ನೊಬ್ಬಳು ಯಾವಾಗ ಬಾಯಿ ತಪ್ಪುತ್ತಾಳೋ ಎಂದು ಬೆಕ್ಕಿನ ಹಾಗೆ ಕಾಯುತ್ತಾ ತಿರುಗಬೇಕು, ಸಿಕ್ಕಿದ ಕೂಡಲೇ ದಾಟಿಸಬೇಕು. ಸಂಜೆ ಗಂಟೆ ಹೊಡೆದಾಗ ಟೋಕನ್ ಯಾರ ಜೇಬಿನಲ್ಲಿದೆಯೋ ಪನಿಶ್‌ಮೆಂಟ್ ಅವಳಿಗೆ. ಮೊಳಕಾಲ್ಮೂರಿನಿಂದ ಬೆಂಗಳೂರಿನ ಆ ಹಾಸ್ಟೆಲ್ಲಿಗೆ ಹೋದವರು ನಾವಿಬ್ಬರೇ, ನಾನು ಮತ್ತು ಜುಬೇದಾ. ನಮ್ಮಪ್ಪ ಮಗ್ಗಗಳನ್ನಿಟ್ಟು ರೇಷ್ಮೆ ಸೀರೆ ನೇಯಿಸುವವರು, ಅವಳಪ್ಪ ಆ ಸೀರೆಗಳಿಗೆ ನೂಲು ತರುವವರು. ಇಬ್ಬರೂ ಒಂದೇ ಬಸ್ಸಿನಲ್ಲಿ ಗಂಟು ಹೊತ್ತು ಬೆಂಗಳೂರಿಗೆ ಹೋಗಿಬರುತ್ತಿದ್ದರು. ಒಂದು ಸಲ ಗಂಟುಗಳ ಜೊತೆಗೆ ನಮ್ಮಿಬ್ಬರನ್ನೂ ಹೊತ್ತುಕೊಂಡು ಹೋಗಿ ಅಲ್ಲಿ ಇಳಿಸಿ ಬಂದರು, ಅಷ್ಟೇ. ನಮ್ಮ ಮನೆಯಲ್ಲಿ ತೆಲುಗು, ಅವಳ ಮನೆಯಲ್ಲಿ ಉರ್ದು, ನಡುವಿನ ಬೀದಿಯಲ್ಲಿ ಕನ್ನಡ. ಹೀಗೆ ನಮ್ಮಿಬ್ಬರಿಗೂ ಸೇರಿ ಮೂರು ಭಾಷೆ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿತ್ತು. ನಾಲ್ಕನೆಯದು ಬರಲಿ ಎಂದು ಆ ಮೂರನ್ನೂ ನುಂಗಿಕೊಂಡು ಕೂರಬೇಕಾಯಿತು.

ಐ ಮಸ್ಟ್ ಕನ್ಫೆಸ್. ಒಂದು ಶನಿವಾರ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಆಗ್ನೆಸ್ ನಮ್ಮ ಕ್ಲಾಸಿನವರನ್ನು ಚೈನೀಸ್ ಹೋಟೆಲಿಗೆ ಕರೆದುಕೊಂಡು ಹೋಗುವುದಾಗಿ ಹೇಳಿದರು. ಷರತ್ತು ಒಂದೇ. ನಾಲ್ಕು ಗಂಟೆಗೆ ಟೋಕನ್ ಯಾರ ಹತ್ತಿರವಿದೆಯೋ ಅವಳು ಬರುವ ಹಾಗಿಲ್ಲ. ಮೂರೂವರೆಗೆ ಅದು ನನ್ನ ಜೇಬಿನಲ್ಲಿ ಟಕ್ ಟಕ್ ಎನ್ನುತ್ತಿತ್ತು. ಹುಡುಗಿಯರೆಲ್ಲ ತುಟಿಗೆ ಹೊಲಿಗೆ ಹಾಕಿಕೊಂಡವರಂತೆ ಕೂತಿದ್ದರು. ನಾನು ನೇರ ಜುಬೇದಾಳ ಹಿಂದೆ ಹೋಗಿ ನಿಂತು, ಶುದ್ಧ ಇಂಗ್ಲಿಷಿನಲ್ಲಿ, "ಡೋಂಟ್ ಮೂವ್, ಲಿಝರ್ಡ್ ಆನ್ ಯುವರ್ ಪ್ಲ್ಯಾಟ್" ಎಂದೆ. ಜಡೆಯ ಮೇಲೆ ಹಲ್ಲಿ ಎಂದರೆ ಯಾರು ತಾನೇ ಇಂಗ್ಲಿಷಿನಲ್ಲಿ ಕಿರುಚುತ್ತಾರೆ? "ಯಾ ಅಲ್ಲಾ! ಮರ್ ಗಯೀ ಮೈ!" ಎಂದು ಅವಳು ಹಾಸ್ಟೆಲ್ ಹಾರಿಹೋಗುವಂತೆ ಕೂಗಿದಳು. ಟೋಕನ್ ಅವಳ ಕೈಗೆ ಹೋಯಿತು, ನಾನು ಹೋಟೆಲಿಗೆ ಹೋದೆ.

ಅಲ್ಲಿ ಏನಾಯಿತು ಎನ್ನುವುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಉದ್ದನೆಯ ಮೇಜು, ನನ್ನ ಜಾಗ ಕಟ್ಟಕಡೆಯದು. ಚಿಕನ್ನಿನ ತಟ್ಟೆ ಆ ತುದಿಯಿಂದ ಹೊರಟಿತು. ನನ್ನ ಹತ್ತಿರ ಬರುವ ಹೊತ್ತಿಗೆ ಬರೀ ತಟ್ಟೆ! ಅದರ ತಳದಲ್ಲಿ ಅಂಟಿಕೊಂಡಿದ್ದ ಗಟ್ಟಿ ರಸ ಮಾತ್ರ ಕೆಂಪು ದೀಪದ ಬೆಳಕಿಗೆ ಮಿರಮಿರನೆ ಮಿಂಚುತ್ತಿತ್ತು. ನಾನು ನೂಡಲ್ಸು ಮತ್ತು ಎಲೆಕೋಸು ತಿಂದು ವಾಪಸ್ಸು ಬಂದೆ. ಜುಬೇದಾ ಮಂಚದ ಮೇಲೆ ಕಾಲು ಮಡಿಚಿಕೊಂಡು ಕಾಯುತ್ತಿದ್ದಳು. "ಹೆಂಗಿತ್ತೇ?" ಎಂದು ಪಿಸುಗುಟ್ಟಿದಳು. ಮಾಡಿದ್ದ ಮೋಸ ಎದೆಯಲ್ಲಿ ಚುಚ್ಚುತ್ತಿತ್ತು. ಅವಳಿಗೆ ಕೊಡಲು ಕೋಳಿಯಂತೂ ಇರಲಿಲ್ಲ, ವರ್ಣನೆಯನ್ನಾದರೂ ಕೊಡೋಣ ಎನಿಸಿತು. "ಕೋಳಿ ಹೊಳೀತಿತ್ತು ಕಣೇ ಜುಬ್ಬಿ! ನಿಮ್ಮಪ್ಪ ತರ್ತಾರಲ್ಲ ಫಸ್ಟ್ ಕ್ಲಾಸ್ ರೇಷ್ಮೆ, ಅದನ್ನ ಬಿಸಿಲಿಗೆ ಹಿಡಿದ ಹಂಗೆ!" ಎಂದೆ. ಕಂಬಳಿಯ ಕೆಳಗೆ ಅರ್ಧ ಗಂಟೆ ವರ್ಣಿಸಿದೆ. ಅವಳು ಬಾಯಿ ತೆರೆದುಕೊಂಡು ಕೇಳಿದಳು. ಮುಂದೆ ನಾನು ಎಷ್ಟೋ ಪ್ರಬಂಧ ಬರೆದೆ, ಬರೆಸಿದೆ. ಅಷ್ಟು ಚೆನ್ನಾದದ್ದು ಮತ್ತೊಂದಾಗಲಿಲ್ಲ.

ಇದು ಹಳೆಯ ಕತೆ. ಈಗ ನಾನು ಚಳ್ಳಕೆರೆಯಲ್ಲಿದ್ದೇನೆ. ಇಲ್ಲಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರ್ ಆದವಳು. ಯಜಮಾನರು ಎಣ್ಣೆ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದು ರಿಟೈರ್ ಆದವರು. ನಮ್ಮ ರಸ್ತೆಯ ತಿರುವಿನಲ್ಲಿ ಒಂದು ಚೈನೀಸ್ ಗಾಡಿ ಇದೆ. ಗಾಡಿಯ ಮೇಲೆ ಡ್ರ್ಯಾಗನ್ ಚಿತ್ರ. ಬರೆದವನು ಡ್ರ್ಯಾಗನ್ ಕಂಡವನಲ್ಲ, ಉಡ ಕಂಡವನು, ಹಾಗಾಗಿ ನಮ್ಮ ಕಡೆಯ ಉಡವೊಂದು ಬಾಯಲ್ಲಿ ಬೆಂಕಿ ಉಗುಳುತ್ತಾ ನಿಂತಿದೆ. ಮಾಲೀಕ ನಾಯಕನಹಟ್ಟಿಯ ತಿಪ್ಪೇಶಿ, ಮೂರು ಮಕ್ಕಳ ತಂದೆ, ಒಂದು ಕಾಲದಲ್ಲಿ ನನ್ನ ಸ್ಟೂಡೆಂಟ್. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಎರಡು ಸಲ ಡುಮ್ಕಿ ಹೊಡೆದವನು. ಅವನ ಬೋರ್ಡಿನಲ್ಲಿ ಚಿಲ್ಲಿ ಚಿಕನ್ನಿನ ಸ್ಪೆಲ್ಲಿಂಗ್ ತಪ್ಪಿತ್ತು. ರಿಟೈರ್ ಆದರೂ ಕೆಂಪು ಪೆನ್ನಿನ ಚಟ ಹೋಗಬೇಕಲ್ಲ?

"ಲೋ ತಿಪ್ಪೇಶಿ, ಕೊನೇಲಿ 'ಐ' ಹಾಕ್ಬೇಕು. ನೀನು 'ವೈ' ಹಾಕೀಯ. ಹಂಗಂದ್ರೆ ಚಳಿ ಹಿಡ್ದಿರೋ ಕೋಳಿ ಅಂತ ಅರ್ಥ" ಎಂದೆ.

"ಬಿಡ್ರಿ ಮೇಡಮ್ಮೋರೆ, ಎಣ್ಣೇಗೆ ಬಿದ್ಮೇಲೆ ಬೆಚ್ಚಗಾಗ್ತೈತೆ" ಎಂದ ಪುಣ್ಯಾತ್ಮ.

ಹೋದ ವರ್ಷ ಒಂದು ದಿನ ಜುಬೇದಾ ಮೊಳಕಾಲ್ಮೂರಿನಿಂದ ಫೋನು ಮಾಡಿದಳು. ಮದುವೆಯಾದ ಮೇಲೂ ಅವಳು ಊರು ಬಿಟ್ಟಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು, ಮಂಡಿನೋವು, ಬಿಪಿ. ಮಂಗಳೂರಿನಲ್ಲಿರುವ ಮಗಳು ಕೊನೆಗೂ ಹಟ ಗೆದ್ದಿದ್ದಳು. "ಮನಿ ತಮ್ಮನ ಮಗನಿಗೆ ಬಿಟ್ಕೊಟ್ಟೆ ಕಣೇ ಸರೋಜಿ. ಬರೋ ಶುಕ್ರವಾರ ಅಳಿಯ ಕಾರು ತರ್ತಾನೆ. ಇನ್ನು ಅಲ್ಲೇ. ಸಮುದ್ರ ನೋಡ್ಕೋತ ಕೂರೋದು" ಎಂದಳು. ದಾರಿಯಲ್ಲಿ ನಮ್ಮ ಮನೆಗೆ ನಾಲ್ಕು ಗಂಟೆಗೆ ಬಂದು ಏಳರೊಳಗೆ ಹೊರಡುವುದು, ದಾವಣಗೆರೆಯಲ್ಲಿ ನಾದಿನಿಯ ಮನೆಯಲ್ಲಿ ಉಳಿಯುವುದು ಎಂದು ಪ್ಲಾನು.

"ಏನು ಮಾಡ್ಲಿ ಊಟಕ್ಕೆ?" ಎಂದೆ.

"ಆವತ್ತು ಹೋಟೆಲ್ನಾಗೆ ನೀನು ತಿಂದಿದ್ಯಲ್ಲ, ಹೊಳೆಯೋ ಕೋಳಿ? ಅದು ಒಂದ್ಸಲ ತಿನ್ಬೇಕು ನೋಡು. ನಿಂಗೇ ಗೊತ್ತಲ್ಲ ಅದು ಹೆಂಗಿರ್ತದೆ ಅಂತ" ಎಂದಳು.

ನೋಡಿ, ಜಗತ್ತಿನಲ್ಲಿ ಒಬ್ಬಳಿಗೆ ನಾನು ಒಂದು ಚೈನೀಸ್ ಡಿನ್ನರ್ ತಪ್ಪಿಸಿದ್ದೆ. ಅವಳು ಬಾಯಿಬಿಟ್ಟು ಅದನ್ನೇ ಕೇಳುತ್ತಿದ್ದಾಳೆ. ಮೂರೇ ಗಂಟೆ ಇರುತ್ತಾಳೆ. ನಮ್ಮ ವಯಸ್ಸಿನಲ್ಲಿ ಮಂಗಳೂರಿಗೂ ಚಳ್ಳಕೆರೆಗೂ ನಡುವೆ ಎಷ್ಟು ದೂರ ಎನ್ನುವುದನ್ನು ಮೈಲಿಯಲ್ಲಿ ಅಳೆಯಲು ಬರುವುದಿಲ್ಲ, ಮಂಡಿಯಲ್ಲಿ ಅಳೆಯಬೇಕು. ಈ ಸಲ ತಪ್ಪಿದರೆ ತಪ್ಪಿದಂತೆಯೇ. ಅದಕ್ಕಿಂತ ದೊಡ್ಡ ಪಜೀತಿ ಎಂದರೆ ಅವಳು ಕೇಳುತ್ತಿರುವ ಕೋಳಿಯನ್ನು ನಾನೂ ತಿಂದಿಲ್ಲ.

ತಿಪ್ಪೇಶಿಯ ಗಾಡಿಯಿಂದ ಪಾರ್ಸೆಲ್ ತರಿಸಿಬಿಡಬಹುದಿತ್ತು. ಆದರೆ ಅವನ ಬಾಣಲೆಯಲ್ಲಿ ಕೋಳಿ ಈಜುತ್ತದೆ, ಆಮೇಲೆ ಕೆಂಪು ಬಣ್ಣದಲ್ಲಿ ಓಕುಳಿಯಾಡುತ್ತದೆ. ಜುಬೇದಾಳಿಗೆ ಎಣ್ಣೆ ಬೇಡ, ಉಪ್ಪು ಕಡಿಮೆ. ಯಜಮಾನರಿಗೆ ಶುಗರ್ರು, ಬಿಳಿ ಅನ್ನ ಬೇಡ. ನನಗೆ ಕೊಲೆಸ್ಟ್ರಾಲು. ಮೂವರ ಮಾತ್ರೆಗಳನ್ನೂ ಒಂದೇ ಮೇಜಿನ ಮೇಲಿಟ್ಟರೆ ಒಂದು ಮೆಡಿಕಲ್ ಶಾಪು ತೆರೆಯಬಹುದು. ಆದ್ದರಿಂದ ಮನೆಯಲ್ಲೇ, ಹೆಲ್ದಿಯಾಗಿ, ನಾನೇ ಮಾಡುವುದೆಂದು ತೀರ್ಮಾನಿಸಿದೆ. ಮೊಬೈಲಿನಲ್ಲಿ ಹುಡುಕಿದಾಗ ಒಬ್ಬಳು ಹುಡುಗಿ ಸಿಕ್ಕಳು. "ಟೇಕೌಟ್ ಸ್ಟೈಲ್ ಚೈನೀಸ್ ಚಿಕನ್, ಓನ್ಲಿ ಟ್ವೆಂಟಿ ಮಿನಿಟ್ಸ್, ಗಾಯ್ಸ್!" ಎಂದಳು. ನಮ್ಮ ಸಿಸ್ಟರ್ ಆಗ್ನೆಸ್ ಕೇಳಿದ್ದರೆ, "ಟೇಕ್ ಔಟ್ ವಾಟ್, ಚೈಲ್ಡ್?" ಎಂದು ಕೇಳುತ್ತಿದ್ದರು. ನಾನು ಇನ್ನೂ ಗಾಯ್ ಆಗಿಲ್ಲವಾದರೂ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಬರೆದುಕೊಂಡೆ. ಮೂಳೆಯಿಲ್ಲದ ಕೋಳಿ ಅರ್ಧ ಕೆಜಿ, ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಹಸಿಮೆಣಸಿನಕಾಯಿ, ಕೆಂಪು ಕ್ಯಾಪ್ಸಿಕಂ, ಚೂರು ಸೋಯಾ ಸಾಸು, ಚೂರು ವಿನೆಗರು, ಎಣ್ಣೆ ಎರಡು ಚಮಚ. ಹೊಳಪಿಗೆ, ಅವಳು ಒತ್ತಿ ಹೇಳಿದಳು, ಹೊಳಪಿಗೆ ಕಾರ್ನ್‌ಫ್ಲೋರ್ ಎರಡು ಚಮಚ.

ಎಣ್ಣೆಯ ವಿಷಯ ಕೇಳಿ ಯಜಮಾನರಿಗೆ ತಮ್ಮ ಮಿಲ್ಲಿಗೇ ಬೀಗ ಬಿದ್ದಷ್ಟು ಬೇಸರವಾಯಿತು. "ಎರಡು ಚಮಚನಾ? ಊರ ತುಂಬ ಎಣ್ಣೆ ಮಿಲ್ಲಿರೋ ಚಳ್ಳಕೆರೇನಾಗೆ ಕೂತ್ಕೊಂಡು? ಎರಡು ಚಮಚ ದೇವರ ದೀಪಕ್ಕೂ ಸಾಲಲ್ಲ ಕಣೇ. ಹೊರಗ್ಡೆ ಹೇಳ್ಬ್ಯಾಡ, ಮೂವತ್ತು ವರ್ಷ ಎಣ್ಣೆ ತೆಗ್ಸಿದೋನ ಮನೆ ಇದು" ಎಂದರು. ಅನ್ನದ ಬದಲು ನವಣೆ ಎಂದಾಗ ಎದ್ದು ವಾಕಿಂಗಿಗೆ ಹೋದರು. ಅವರ ವಾಕಿಂಗು ತಿಪ್ಪೇಶಿಯ ಗಾಡಿಯ ತನಕ ಮಾತ್ರ ಹೋಗಿ ವಾಪಸ್ಸು ಬರುತ್ತದೆ ಎನ್ನುವುದು ನನಗೆ ಗೊತ್ತು. ಮೀಸೆಗೆ ಅಂಟಿದ ಬೆಳ್ಳುಳ್ಳಿ ವಾಸನೆಗೆ ಯಾವ ಇಂಗ್ಲಿಷ್ ಎಂಎ ಬೇಕು?

ಇನ್ನು ಕಾರ್ನ್‌ಫ್ಲೋರ್. ಇಲ್ಲಿ ನನ್ನ ವಿದ್ಯೆ ಅಡ್ಡ ಬಂತು. ನೀವಾಗಿದ್ದರೆ ಸೀದಾ ಕಿರಾಣಿ ಅಂಗಡಿಗೆ ಹೋಗಿ, "ಕಾರ್ನ್‌ಫ್ಲೋರ್ ಕೊಡಪ್ಪಾ" ಎನ್ನುತ್ತಿದ್ದಿರಿ. ನಾನು ಹಾಗಲ್ಲ. ಕಾರ್ನ್ ಎಂದರೆ ಮೆಕ್ಕೆಜೋಳ, ಫ್ಲೋರ್ ಎಂದರೆ ಹಿಟ್ಟು ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು. ನಮ್ಮ ಸೀಮೆಯಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳವೇ ಇರುವಾಗ ಡಬ್ಬಿಯಲ್ಲಿ ಬಂದ ಹಿಟ್ಟು ಯಾಕೆ, ತಾಜಾ ಬೀಸಿಸೋಣ ಎಂದುಕೊಂಡೆ. ಒಂದು ಸೇರು ಮೆಕ್ಕೆಜೋಳ ಚೀಲಕ್ಕೆ ಹಾಕಿಕೊಂಡು ಗಿರಣಿಗೆ ಹೋದೆ.

ಗಿರಣಿಯವನು ಚೀಲಕ್ಕೆ ಕೈ ಹಾಕಿ ನೋಡಿ, "ಕೋಳಿಗಾ ಮೇಡಂ?" ಎಂದು ಕೇಳಿದ.

ಇವನಿಗೆ ಹೇಗೆ ಗೊತ್ತಾಯಿತು ಎಂದು ನನಗೆ ಆಶ್ಚರ್ಯ. ಚೈನೀಸ್ ಅಡುಗೆ ಎಷ್ಟು ಬೇಗ ಹರಡಿದೆಯಪ್ಪಾ ಎಂದು ಮೆಚ್ಚುಗೆಯಿಂದ, "ಹೌದಪ್ಪಾ, ಕೋಳಿಗೇ" ಎಂದೆ.

"ಹಂಗಾರೆ ನುಚ್ಚು ಮಾಡ್ತೀನಿ ಬಿಡ್ರಿ."

"ಬೇಡ ಬೇಡ, ನುಣ್ಣಗೆ ಹಾಕು."

"ನುಣ್ಣಗೆ ಹಾಕಿದ್ರೆ ಕೋಳಿ ತಿನ್ನಲ್ಲ ಮೇಡಂ, ಗಂಟಲಿಗೆ ಅಂಟ್ತೈತೆ."

"ತಿನ್ನೋದು ಕೋಳಿ ಅಲ್ಲಪ್ಪಾ, ನಾವು!"

ಅವನು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. ಹಿಟ್ಟಿನ ಚೀಲ ಕೊಡುವಾಗ, "ಮನೇಲಿ ಎಲ್ಲಾ ಆರಾಮಾ ಮೇಡಂ?" ಎಂದು ಬಹಳ ಮೆತ್ತಗೆ ವಿಚಾರಿಸಿದ.

ಶುಕ್ರವಾರ ಬಂತು. ಕೋಳಿಯನ್ನು ಮಾರ್ಕೆಟ್ಟಿನ ಸಾಹೇಬರ ಅಂಗಡಿಯಲ್ಲೇ ನಿಂತು ಹಲಾಲ್ ಮಾಡಿಸಿ ತಂದಿದ್ದೆ. ಇಪ್ಪತ್ತು ನಿಮಿಷದ ಅಡುಗೆಗೆ ಮಧ್ಯಾಹ್ನ ಒಂದೂವರೆಗೇ ಕೂತೆ. ಆ ಹುಡುಗಿಯ ಇಪ್ಪತ್ತು ನಿಮಿಷ ಶುರುವಾಗುವುದೇ ಎಲ್ಲ ಹೆಚ್ಚಿಟ್ಟ ಮೇಲೆ ಎನ್ನುವುದು ವಿಡಿಯೋ ಎರಡನೇ ಸಲ ನೋಡಿದಾಗ ಅರ್ಥವಾಗಿತ್ತು. ಇದು ನನಗೆ ಹೊಸದೇನೂ ಅಲ್ಲ. ನಮ್ಮಪ್ಪನ ಮನೆಯಲ್ಲಿ ಕಂಡಿಕೆಯ ಕೊಳವೆಗಳಿಗೆಲ್ಲ ನೂಲು ಸುತ್ತಿಡದೆ ಯಾರೂ ಮಗ್ಗಕ್ಕೆ ಕೂರುವ ಹಾಗಿರಲಿಲ್ಲ. ಲಾಳಿ ಓಡಲು ಶುರುವಾದ ಮೇಲೆ ನೂಲು ಹುಡುಕಲು ಏಳುವುದೆಂದರೆ ಅಪ್ಪನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ನಾನೂ ಹಾಗೆಯೇ ಬಟ್ಟಲುಗಳನ್ನು ಸಾಲಾಗಿ ಜೋಡಿಸಿದೆ. ಹಸಿರು ಒಂದರಲ್ಲಿ, ಕೆಂಪು ಒಂದರಲ್ಲಿ, ಬಿಳಿ ಒಂದರಲ್ಲಿ. ನೋಡಲು ಅಂಚಿನ ಬಣ್ಣ ಆರಿಸಲು ಇಟ್ಟಂತೆ ಚೆನ್ನಾಗಿಯೇ ಇತ್ತು. ಕೊನೆಯ ಬಟ್ಟಲಿನಲ್ಲಿ ಹಳದಿ ಹಿಟ್ಟು. ವಿಡಿಯೋದಲ್ಲಿ ಅದು ಬೆಳ್ಳಗೆ ಕಾಣುತ್ತಿತ್ತಲ್ಲ ಎಂದು ಒಂದು ಸಲ ಅನಿಸಿತು. ಲೈಟಿಂಗ್ ಇರಬೇಕು ಎಂದುಕೊಂಡೆ.

ನಾಲ್ಕೂಕಾಲಿಗೆ ಕಾರು ಬಂತು. ಅಳಿಯ ಅವಳನ್ನು ಇಳಿಸಿ, "ಆಂಟಿ, ಇಲ್ಲಿನ ಕಂಬಳಿ ನೋಡ್ಕೊಂಡು ಬರ್ತೀನಿ" ಎಂದು ಮಾರ್ಕೆಟ್ಟಿಗೆ ಹೋದ. ಜುಬೇದಾ ಕೋಲು ಊರಿಕೊಂಡು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. "ಕ್ಯಾ ರೇ ಸರೋಜಿ, ಪೂರಾ ಬೆಳ್ಳಗಾಗೀಯಲ್ಲೇ!" ಎಂದಳು. "ನೀನೇನು ಕರ್ರಗಿದೀಯಾ?" ಎಂದೆ. "ನಂದು ಮೆಹೆಂದಿ ಕಣೇ, ಕೆಂಪು!" ಎಂದು ಸೆರಗು ಸರಿಸಿ ತಲೆ ತೋರಿಸಿದಳು. ಸೀದಾ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತಳು. "ಮಾಡು. ನಾನು ಕಣ್ಣಾರೆ ನೋಡ್ಬೇಕು" ಎಂದಳು.

ನನ್ನ ಬಾಣಲೆ ಚಿಕ್ಕದು, ಎರಡು ಸಲ ಮಾಡಬೇಕಾಗಿತ್ತು. ಪುಣ್ಯಕ್ಕೆ. ಮೊದಲ ಅರ್ಧ ಕೋಳಿಗೆ ಹಿಟ್ಟು ಕಲಸಿ, ಎರಡು ಚಮಚ ಎಣ್ಣೆಯಲ್ಲಿ ಜೋರು ಉರಿಯ ಮೇಲೆ ಹಾಕಿದೆ. ಶುಂಠಿ ಬೆಳ್ಳುಳ್ಳಿಯ ಘಮ ಎದ್ದಿತು, ಜುಬೇದಾ "ವಾಹ್" ಎಂದಳು. ಸಾಸು ಸುರಿದೆ, ಇನ್ನಷ್ಟು ಹಿಟ್ಟನ್ನು ನೀರಿನಲ್ಲಿ ಕದಡಿ ಅದನ್ನೂ ಸುರಿದೆ. ಇನ್ನೇನು ಹೊಳೆಯಬೇಕು. ಹೊಳೆಯಲಿಲ್ಲ. ಮೊದಲು ಮಬ್ಬಾಯಿತು, ಆಮೇಲೆ ಮಣ್ಣಾಯಿತು. ಸೌಟು ತಿರುಗಿಸಿದಷ್ಟೂ ಗಟ್ಟಿಯಾಗುತ್ತಾ ಹೋಗಿ, ಕೊನೆಗೆ ಸೌಟು ಬಿಟ್ಟರೂ ನೆಟ್ಟಗೆ ನಿಂತುಕೊಂಡಿತು. ಮುದ್ದೆಯೊಳಗೆ ಅಲ್ಲಲ್ಲಿ ಕೋಳಿ ಕಣ್ಣು ಬಿಟ್ಟು ನೋಡುತ್ತಿತ್ತು.

ಜುಬೇದಾ ಸ್ಟೂಲಿನಿಂದಲೇ ಬಗ್ಗಿ ನೋಡಿದಳು. "ಸರೋಜಿ, ಇದು ಕೋಳಿನಾ, ಗಾರೆನಾ?"

ಯಜಮಾನರು ಹಿಟ್ಟಿನ ಬಟ್ಟಲನ್ನು ಎತ್ತಿ ಮೂಸಿದರು, ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡರು. "ಲೇ, ಇದು ಕೋಳಿ ಫಾರಂಗೆ ಹಾಕೋ ಹಿಟ್ಟಲ್ಲೇನೇ? ಬದುಕಿದ್ದಾಗ ಅದು ತಿಂದಿದ್ದನ್ನೇ ಸತ್ಮೇಲೂ ಅದರ ಮೈಗೆ ಮೆತ್ತೀಯಲ್ಲೇ!" ಎಂದರು.

ನಗಬೇಕಾದ ಮಾತು. ನನಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಐದೂವರೆ ಆಗಿತ್ತು. ಏಳಕ್ಕೆ ಅವಳು ಹೋಗಿಬಿಡುತ್ತಾಳೆ. ನಮ್ಮ ಯಜಮಾನರು ಆಗ ಒಂದು ಕೆಲಸ ಮಾಡಿದರು. ಚಪ್ಪಲಿ ಮೆಟ್ಟಿಕೊಂಡು ಹೊರಟರು. ಆ ವಯಸ್ಸಿನಲ್ಲಿ ಅಷ್ಟು ಬೇಗ ಅವರು ನಡೆದದ್ದನ್ನು ನಾನು ನೋಡಿದ್ದೇ ಇಲ್ಲ, ದಾರಿ ಅಷ್ಟು ಅಭ್ಯಾಸವಾಗಿತ್ತು. ಹತ್ತು ನಿಮಿಷದಲ್ಲಿ ತಿಪ್ಪೇಶಿಯನ್ನೇ ಕರೆದುಕೊಂಡು ಬಂದರು. ಅವನ ಕೈಯಲ್ಲಿ ಪೇಪರಿನ ಪೊಟ್ಟಣ.

ತಿಪ್ಪೇಶಿ ಬಾಣಲೆ ನೋಡಿದ, ಬಟ್ಟಲು ನೋಡಿದ, ಆಮೇಲೆ ನನ್ನನ್ನು ನೋಡಿದ. "ಮೇಡಮ್ಮೋರೆ, ನೀವು ಹಾಕಿರೋದು ಮೆಕ್ಕೆಜೋಳದ ಹಿಟ್ಟು. ಇದು ಕಾರ್ನ್‌ಫ್ಲೋರು" ಎಂದ.

"ಎರಡೂ ಒಂದೇ ಕಣೋ! ಕಾರ್ನ್ ಅಂದ್ರೆ..."

"ಇಂಗ್ಲಿಷ್ನಾಗೆ ಒಂದೇ ಇರ್ಬೋದ್ರಿ. ಬಾಣಲೇನಾಗೆ ಬ್ಯಾರೆ ಬ್ಯಾರೆ."

ಪೊಟ್ಟಣ ಬಿಚ್ಚಿದ. ಹಾಲಿನಂತೆ ಬೆಳ್ಳಗಿನ, ಬೆರಳಲ್ಲಿ ಒತ್ತಿದರೆ ಕಿರ್ ಎನ್ನುವ ಪುಡಿ. ಜೋಳದ ಒಳಗಿನ ಬಿಳಿ ಸಾರ ಮಾತ್ರ ತೆಗೆದದ್ದಂತೆ. "ಟೇಸ್ಟಿಂಗ್ ಪೌಡರ್ ಒಂಚೂರು ಹಾಕ್ಲಾ?" ಎಂದು ಕೇಳಿದ. "ಗೆಟ್ ಔಟ್" ಎಂದೆ. ಹೋಗುವಾಗ ಬಾಗಿಲಲ್ಲಿ ತಿರುಗಿ, "ನಾನು ಪಾಸಾದಂಗಾ ಮೇಡಮ್ಮೋರೆ?" ಎಂದ. ಅವನನ್ನು ಎರಡು ಸಲ ಫೇಲಾಗಲು ಬಿಟ್ಟ ಪಾಪ ಆವತ್ತು ತೀರಿತು.

ಎರಡನೆಯ ಸಲಕ್ಕೆ ಬಾಣಲೆ ತೊಳೆದು ಒಲೆಗಿಟ್ಟೆ. ಕೋಳಿ ಬಿದ್ದಿತು, ಈರುಳ್ಳಿ ಸೊಪ್ಪು ಬಿದ್ದಿತು, ಸೋಯಾ ಸಾಸಿನ ಬಾಟಲಿಯ ಕೆಂಪು ಮುಚ್ಚಳ ಎಲ್ಲೋ ಉರುಳಿಹೋಯಿತು, ಹುಡುಕಲು ಪುರುಸೊತ್ತಿರಲಿಲ್ಲ. ಬಿಳಿ ಪುಡಿ ಕದಡಿದ ನೀರು ಸುರಿದೆ. ಒಂದು ಕ್ಷಣ ಹಾಲಿನಂತೆ ಮಸುಕಾಗಿತ್ತು. ಆಮೇಲೆ, ಹೇಳಿದರೆ ನಂಬುತ್ತೀರೋ ಇಲ್ಲವೋ, ಕುದಿ ಬರುತ್ತಿದ್ದ ಹಾಗೆ ಆ ಮಸುಕೆಲ್ಲ ಕರಗಿ ಬಾಣಲೆಯ ತುಂಬ ಬೆಳಕು ಹರಿಯಿತು.

ಜುಬೇದಾ ಕೋಲು ಬದಿಗಿಟ್ಟು ಎದ್ದಳು. ತಟ್ಟೆಯಿಂದ ಒಂದು ತುಂಡು ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಪಡುವಣದ ಕಿಟಕಿಯ ಬಿಸಿಲಿಗೆ ಒಡ್ಡಿದಳು. ಅವಳಪ್ಪ ನೂಲಿನ ಲಡಿ ನೋಡುತ್ತಿದ್ದದ್ದು ಹಾಗೆಯೇ, ಒಂದು ಕಣ್ಣು ಮುಚ್ಚಿ, ಬೆರಳು ಅತ್ತಿತ್ತ ತಿರುಗಿಸುತ್ತಾ. "ಐತೆ ಕಣೇ" ಎಂದಳು ಮೆಲ್ಲಗೆ. "ಚಮಕ್ ಐತೆ." ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದಳು. ನವಣೆಯ ಅನ್ನ, ಅದರ ಮೇಲೆ ಹೊಳೆಯುವ ಕೋಳಿ, ಇಬ್ಬರೂ ಎದುರುಬದುರು ಕೂತು ಉಂಡೆವು. ಯಜಮಾನರು ಮೊದಲಿನ ಮುದ್ದೆಯನ್ನೇ ಬಡಿಸಿಕೊಂಡು, "ಉಪ್ಪಿಟ್ಟು ಅಂದ್ಕೊಂಡ್ರೆ ಭಾಳ ಚೆನ್ನಾಗೈತೆ" ಎನ್ನುತ್ತಾ ನಡುಮನೆಗೆ ಹೋದರು.

ಈಗ ಹೇಳದಿದ್ದರೆ ಇನ್ನೆಂದು? "ಜುಬ್ಬಿ," ಎಂದೆ, "ಆವತ್ತು ನಿನ್ನ ಜಡೆ ಮೇಲೆ ಹಲ್ಲಿ ಇರ್ಲಿಲ್ಲ ಕಣೇ."

"ಗೊತ್ತು" ಎಂದಳು, ತಟ್ಟೆಯಿಂದ ತಲೆ ಎತ್ತದೆ.

"ಗೊತ್ತಾ?"

"ಜಡಿ ಮ್ಯಾಲೆ ಹಲ್ಲಿ ಬಿದ್ರೆ ನಂಗೆ ಗೊತ್ತಾಗಲ್ವಾ? ನೀನ್ ಹಿಂದೆ ಬಂದು ನಿಂತಾಗ ನಿನ್ನ ಜೇಬು ಟಕ್ ಅಂತು. ಮುಖ ತಿರುಗಿಸಿ ನೋಡ್ದೆ. ನೀನು ಅಳೋ ಹಂಗಿದ್ದಿ. ಹೋಗ್ಲಿ ಪಾಪ ಅಂತ ಕೂಗ್ದೆ."

ಅರವತ್ತು ವರ್ಷ ಹೊತ್ತುಕೊಂಡು ತಿರುಗಿದ ಪಾಪ, ಅವಳು ಆವತ್ತೇ ಇಳಿಸಿ ಇಟ್ಟಿದ್ದಳು. ಮನಸ್ಸು ಎಷ್ಟು ಹಗುರಾಯಿತೆಂದರೆ ಆ ಹುರುಪಿನಲ್ಲಿ ಉಳಿದದ್ದನ್ನೂ ಹೇಳಿಬಿಟ್ಟೆ. ಹೇಳಬಾರದಿತ್ತು. "ಇನ್ನೊಂದು ಮಾತು ಜುಬ್ಬಿ. ಅಲ್ಲಿ ನಾನು ಕೋಳಿ ತಿನ್ಲೇ ಇಲ್ಲ. ನನ್ನ ತನಕ ಬರೋಷ್ಟರಲ್ಲಿ ಖಾಲಿಯಾಗಿತ್ತು."

ಜುಬೇದಾಳ ಕೈ ನಿಂತಿತು. "ಏನಂದಿ?"

"ಎಲೆಕೋಸು ತಿಂದೆ."

"ಒಂದ್ ಪೀಸೂ ಇಲ್ವಾ?"

"ಒಂದ್ ಪೀಸೂ."

"ಮತ್ತೆ ಹೊಳೀತಿತ್ತು ಅಂದ್ಯಲ್ಲೇ? ರೇಷ್ಮೆ ಹಂಗೆ ಅಂದ್ಯಲ್ಲೇ?"

"ತಟ್ಟೆ ಹೊಳೀತಿತ್ತು."

ಅವಳ ಮುಖ ಕೆಂಪಾದದ್ದು ನಾನು ಹಾಕಿದ್ದ ಹಸಿಮೆಣಸಿನಕಾಯಿಗಂತೂ ಅಲ್ಲ. "ಯಾ ಅಲ್ಲಾ! ಹಲ್ಲಿ ಹೋಗ್ಲಿ ಕಣೇ, ಇದು? ನನ್ನ ಮದ್ವೆ ವಲೀಮಾ ಊಟದಾಗೆ ಅಷ್ಟು ಚಂದ ಕೋಳಿ ಮಾಡಿಸಿದ್ರೆ, 'ಇದು ಹೊಳೆಯಲ್ಲ' ಅಂತ ಮುಖ ಮಾಡಿ ನಮ್ಮತ್ತೆ ಕೈಲಿ ಬೈಸ್ಕೊಂಡೀನಿ! ಗಂಡ ಪಾಪ, ಎಷ್ಟು ಊರಿನ ಹೋಟೆಲ್ ತೋರಿಸಿದ್ರು! ಎಲ್ಲಿ ತಿಂದ್ರೂ 'ಸರೋಜಿ ತಿಂದಿದ್ದು ಬ್ಯಾರೆ, ಸರೋಜಿ ತಿಂದಿದ್ದು ಬ್ಯಾರೆ' ಅಂದೀನಿ. ಸರೋಜಿ ತಿಂದಿದ್ದು ಎಲೆಕೋಸಾ?" ಎಂದು ಸೌಟು ಎತ್ತಿದಳು. ಆಮೇಲೆ ಸೌಟಿನಿಂದ ಉಳಿದ ಕೋಳಿಯನ್ನೆಲ್ಲ ತನ್ನ ತಟ್ಟೆಗೆ ಬಳಿದುಕೊಂಡಳು. "ಇದು ನಂದು. ಪೂರಾ. ನೀನು ಕೋಸು ತಿನ್ನು."

ಅಳಿಯ ಬರುವ ಹೊತ್ತಿಗೆ ಇಬ್ಬರೂ ನಕ್ಕು ನಕ್ಕು ಸುಸ್ತಾಗಿದ್ದೆವು. ಕೈ ತೊಳೆದುಕೊಂಡು ಬರುತ್ತೇನೆಂದು ಅವಳು ಒಬ್ಬಳೇ ಅಡುಗೆಮನೆಯೊಳಗೆ ಹೋಗಿ ಬಂದಳು. ಅಳಿಯನಿಗೆಂದು ಮೆಕ್ಕೆಜೋಳದ ಮುದ್ದೆಯನ್ನು ಒಂದು ಡಬ್ಬಿಗೆ ಹಾಕಿಸಿಕೊಂಡಳು. "ಮಂಗಳೂರಿನೋರು, ಗೊತ್ತಾಗಲ್ಲ" ಎಂದಳು. ಈಗ ಫೋನಿನಲ್ಲಿ ವಾರಕ್ಕೆ ಮೂರು ಸಲ ಜಗಳವಾಡುತ್ತೇವೆ. ಅಲ್ಲಿ ಮೀನು ತಿಂದು ಚೆನ್ನಾಗಿಯೇ ಇದ್ದಾಳಂತೆ, ಮೀನು ಹುಟ್ಟುವಾಗಲೇ ಹೊಳೆಯುತ್ತದಂತೆ, ಯಾರೂ ಸುಳ್ಳು ಹೇಳಬೇಕಿಲ್ಲವಂತೆ. ನನ್ನ ಡಬ್ಬಿ ಇನ್ನೂ ವಾಪಸ್ಸು ಬಂದಿಲ್ಲ. ಅವಳನ್ನು ಕಣ್ಣಾರೆ ಕಂಡದ್ದು ಮಾತ್ರ ಆ ಸಂಜೆಯೇ ಕೊನೆ.

ಆವತ್ತು ಅವಳನ್ನು ಕಾರಿನೊಳಗೆ ಕೂರಿಸಿ, ಮಂಡಿಯ ಮೇಲೆ ಶಾಲು ಹೊದಿಸಿದೆ. ಏನೇನೋ ಹೇಳಬೇಕೆಂದು ಇಂಗ್ಲಿಷಿನಲ್ಲಿ ಚಂದದ ಮಾತು ಜೋಡಿಸಿಕೊಂಡಿದ್ದೆ. ಆದರೆ ಮನಸ್ಸು ತುಂಬಿ ಬಂದಾಗ ನನಗೆ ಕಾನ್ವೆಂಟ್ ನೆನಪಿರುವುದಿಲ್ಲ, ನಮ್ಮ ಅಮ್ಮನ ಭಾಷೆಯೇ ಬಾಯಿಗೆ ಬರುತ್ತದೆ. "ಜಾಗ್ರತ್ತಗಾ ಪೋಯಿ ರಾವೇ ಜುಬ್ಬೀ" ಎಂದೆ. ಹುಷಾರಾಗಿ ಹೋಗಿ ಬಾರೇ ಎಂದು.

"ಟೋಕನ್!" ಎಂದಳು ಜುಬೇದಾ.

ನನ್ನ ಕೈ ಹಿಡಿದೆಳೆದು ಅಂಗೈಯಲ್ಲಿ ಏನನ್ನೋ ಒತ್ತಿ, ಬೆರಳುಗಳನ್ನು ಮಡಿಚಿದಳು. ಬಿಚ್ಚಿ ನೋಡಿದರೆ ನನ್ನ ಸೋಯಾ ಸಾಸಿನ ಕೆಂಪು ಮುಚ್ಚಳ. "ಗಂಟೆ ಹೊಡೆಯೋದ್ರೊಳಗೆ ಯಾರಿಗಾದ್ರೂ ದಾಟ್ಸು. ಇಲ್ಲಾಂದ್ರೆ ನಿಂಗೆ ಚೈನೀಸ್ ಇಲ್ಲ" ಎಂದಳು. ಅಳಿಯ ಏನೂ ಅರ್ಥವಾಗದೆ ಕಾರು ಬಿಟ್ಟ.

ತಿಪ್ಪೇಶಿಯ ಗಾಡಿಯ ತಿರುವಿನಲ್ಲಿ ಕಾರು ನಿಧಾನವಾಯಿತು. ಕಿಟಕಿಯಿಂದ ಮೆಹೆಂದಿಯ ತಲೆ ಹೊರಗೆ ಬಂತು. ಇನ್ನೊಂದು ಸಲ ಕೂಗಿ ಹೇಳೋಣವೆಂದು ನಾನು ಕೈ ಎತ್ತಿದೆ, ಮುಷ್ಟಿಯಲ್ಲಿದ್ದ ಮುಚ್ಚಳ ಬಳೆಗೆ ತಾಗಿ ಟಕ್ ಎಂದಿತು. ಅಷ್ಟು ದೂರದಲ್ಲಿ ಜುಬೇದಾ, ಸಾಕ್ಷಾತ್ ಸಿಸ್ಟರ್ ಆಗ್ನೆಸ್ ಹಾಗೆ, ತುಟಿಯ ಮೇಲೆ ಬೆರಳಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡೆ.